ಕರೆಂಟ್ ಹೋಗಿ ಬಂದರೂ ಅದೇ ಸೊನ್ನೆ: ಮನೆಯಲ್ಲಿ ಕಟ್ಟಿದ ಸಿಎನ್‌ಸಿ ರೂಟರ್‌ಗೆ ಹೋಮಿಂಗ್

ಸಿಎನ್‌ಸಿ ರೂಟರಿನಲ್ಲಿ (ಕಂಪ್ಯೂಟರ್ ಹೇಳಿದಂತೆ ಮರ, ಲೋಹ ಕೊರೆಯುವ ಯಂತ್ರ) ಕೆತ್ತನೆ ಮುಕ್ಕಾಲು ಪಾಲು ಮುಗಿದಿರುವಾಗ ಕರೆಂಟ್ ಹೋಗುವುದು ಬೆಂಗಳೂರಿನಲ್ಲಿ ಯಂತ್ರ ಇಟ್ಟುಕೊಂಡವರಿಗೆ ಹೊಸದೇನಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಒಂದು ಗುಡುಗು ಕೇಳಿಸಿದರೆ ಸಾಕು. ಕರೆಂಟ್ ಮರಳಿ ಬಂದಾಗ ಯಂತ್ರ ನಿಂತಲ್ಲೇ ನಿಂತಿರುತ್ತದೆ, ಆದರೆ ತಾನು ಎಲ್ಲಿದ್ದೇನೆ ಎಂಬ ಲೆಕ್ಕ ಕಂಟ್ರೋಲರ್‌ನಲ್ಲಿ ಅಳಿಸಿಹೋಗಿರುತ್ತದೆ. 'ಅಲುಗಾಡಿಸದೆ ಹಾಗೇ ಮುಂದುವರಿಸಿದರಾಯಿತು' ಅನ್ನಿಸುವುದು ಸಹಜ. ಅದು ಆಗುವುದಿಲ್ಲ. ಮೋಟಾರನ್ನು ಓಡಿಸುವ ಡ್ರೈವರ್ ಆನ್ ಆದ ಕ್ಷಣ ತನ್ನ ಮೈಕ್ರೋಸ್ಟೆಪ್ (ಮೋಟಾರಿನ ಪೂರ್ತಿ ಹೆಜ್ಜೆ, ಅಂದರೆ ಫುಲ್ ಸ್ಟೆಪ್ಪಿನ ಚಿಕ್ಕ ಭಾಗ) ಸರಣಿಯ ಆರಂಭದ ಸ್ಥಾನಕ್ಕೆ ಕರೆಂಟ್ ಹರಿಸುತ್ತದೆ, ಮೋಟಾರಿನ ರೋಟರ್ ಅದಕ್ಕೆ ಹತ್ತಿರದ ಜಾಗಕ್ಕೆ ಟಕ್ಕೆಂದು ಹಾರುತ್ತದೆ. ಆ ಹಾರಾಟ ಎರಡು ಫುಲ್ ಸ್ಟೆಪ್‌ವರೆಗೆ ಇರಬಹುದು.

ಲೆಕ್ಕಕ್ಕೆ ಒಂದು ಯಂತ್ರ ಇಟ್ಟುಕೊಳ್ಳೋಣ: ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಫ್ರೇಮ್, ಎಕ್ಸ್ 600 ಮಿ.ಮೀ., ವೈ 900 ಮಿ.ಮೀ., 1605 ಬಾಲ್ ಸ್ಕ್ರೂ, 200 ಸ್ಟೆಪ್‌ನ ಮೋಟಾರ್, ಫುಲ್ ಸ್ಟೆಪ್ಪಿಗೆ 8 ಮೈಕ್ರೋಸ್ಟೆಪ್, ಜಿಆರ್‌ಬಿಎಲ್ 1.1 (ಕಂಟ್ರೋಲರ್‌ನಲ್ಲಿ ಓಡುವ ಸಾಫ್ಟ್‌ವೇರ್). ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸಾಗುತ್ತದೆ, ಸುತ್ತಿಗೆ 1600 ಮೈಕ್ರೋಸ್ಟೆಪ್, ಅಂದರೆ ಮಿ.ಮೀ.ಗೆ 320. ಫುಲ್ ಸ್ಟೆಪ್ ಒಂದಕ್ಕೆ 0.025 ಮಿ.ಮೀ. ಹಾಗಾಗಿ ಕರೆಂಟ್ ಬಂದಾಗಿನ ಹಾರಾಟ 0.05 ಮಿ.ಮೀ.ವರೆಗೆ. ಮರದ ಬೋರ್ಡಿನ ಅಂಚಿಗೆ ಇದು ಏನೂ ಅಲ್ಲ, ಇನ್‌ಲೇ ಕೆಲಸಕ್ಕೆ (ಒಂದು ಮರದೊಳಗೆ ಇನ್ನೊಂದರ ತುಂಡು ಕೂರಿಸುವುದು) ಕಣ್ಣಿಗೆ ಕಾಣುವ ಗೆರೆ. 20 ಹಲ್ಲಿನ ಜಿಟಿ2 ಪುಲ್ಲಿ ಮತ್ತು ಬೆಲ್ಟ್ ಇರುವ ಯಂತ್ರದಲ್ಲಿ ಸುತ್ತಿಗೆ 40 ಮಿ.ಮೀ., ಆದ್ದರಿಂದ ಅದೇ ಹಾರಾಟ 0.4 ಮಿ.ಮೀ.ವರೆಗೂ ಹೋಗುತ್ತದೆ. ಅಲ್ಲಿ ಇನ್‌ಲೇ ಆಸೆಯನ್ನೇ ಬಿಡಬೇಕು.

ಇದಕ್ಕಿರುವ ಮದ್ದು ಹೋಮಿಂಗ್, ಅಂದರೆ ಯಂತ್ರ ಪ್ರತಿ ಅಕ್ಷದ ತುದಿಯ ಸ್ವಿಚ್ಚಿನವರೆಗೆ ತಾನೇ ಹೋಗಿ ಮುಟ್ಟಿ, ಅಲ್ಲಿಂದ ತನ್ನ ಸ್ಥಾನದ ಲೆಕ್ಕ ಶುರು ಮಾಡುವುದು. ಹೋಮ್ ಸ್ವಿಚ್ಚು ಮೇಜಿನ ಮೂಲೆಯಿಂದ ಸರಿಯಾಗಿ ಇಷ್ಟೇ ದೂರದಲ್ಲಿರಬೇಕು ಎಂದು ಸ್ಕೇಲ್ ಹಿಡಿದು ಕೂರುವವರಿದ್ದಾರೆ, ಅದು ಬೇಡದ ಶ್ರಮ. ಸ್ವಿಚ್ಚು ಎಲ್ಲಿ ಬೇಕಾದರೂ ಇರಲಿ, ಪ್ರತಿ ಸಲ ಅದೇ ಬಿಂದುವಿನಲ್ಲಿ 'ಟಿಕ್' ಅಂದರೆ ಸಾಕು. ಅಳೆಯಬೇಕಾದ್ದು ಈ ಒಂದನ್ನೇ, ಅದೂ ಹೊಸ ಸೆನ್ಸರ್ ಕೊಳ್ಳುವ ಮೊದಲೇ.

ಅಳತೆಗೆ 0.01 ಮಿ.ಮೀ. ತೋರಿಸುವ, 10 ಮಿ.ಮೀ. ಓಟದ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡ್ ಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲವಾದ್ದರಿಂದ 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯೊಂದನ್ನು ಟಿ-ನಟ್ ಹಾಕಿ ಫ್ರೇಮಿಗೆ ಬಿಗಿದು ಸ್ಟ್ಯಾಂಡನ್ನು ಅದರ ಮೇಲೆ ಕೂರಿಸಿ. ಹೋಮಿಂಗ್ ಮುಗಿದು ಕ್ಯಾರೇಜ್ (ಅಕ್ಷದ ಮೇಲೆ ಓಡುವ ಭಾಗ) ಹಿಂದೆ ಸರಿದು ನಿಲ್ಲುವ ಜಾಗದಲ್ಲಿ ಗೇಜಿನ ಮೂತಿ ಒಂದೆರಡು ಮಿ.ಮೀ. ಒತ್ತಿಕೊಂಡಿರಲಿ. ಕ್ಯಾರೇಜ್ ಸ್ವಿಚ್ಚಿನತ್ತ ಇನ್ನೂ 3 ಮಿ.ಮೀ. ಹೋಗಿ ಬರುತ್ತದೆ, ಅಷ್ಟಕ್ಕೂ ಓಟ ಉಳಿದಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ಗೇಜು ಕೆಟ್ಟೀತು. ಕ್ಯಾರೇಜನ್ನು ಬೇರೆ ಬೇರೆ ಜಾಗಕ್ಕೆ ಒಯ್ದು, ಅಲ್ಲಿಂದ $ಎಚ್ (ಹೋಮಿಂಗ್ ಆಜ್ಞೆ) ಕೊಟ್ಟು, ಮುಳ್ಳು ತೋರಿಸಿದ್ದನ್ನು ಬರೆದುಕೊಳ್ಳಿ. ಹೀಗೆ 20 ಸಲ. ಮಧ್ಯೆ ನಾಲ್ಕೈದು ಸಲ ಪವರ್ ಪೂರ್ತಿ ತೆಗೆದು ಮತ್ತೆ ಹಾಕಿ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದರೆ ನಿಮ್ಮ ಹರವು. ಮರದ ಕೆಲಸಕ್ಕೆ 0.05 ಒಳಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. 0.02 ಒಳಗಿದ್ದರೆ ಅಲ್ಯೂಮಿನಿಯಂ ಕೆಲಸಕ್ಕೂ ನಡೆಯುತ್ತದೆ.

ಹರವಿಗಿಂತ ಹೆಚ್ಚು ಹೇಳುವುದು ಅಂಕಿಗಳ ಚಹರೆ. ಅಂಕಿಗಳು ಹಿಂದಕ್ಕೂ ಮುಂದಕ್ಕೂ ಚೆಲ್ಲಾಡಿದ್ದರೆ ಸ್ವಿಚ್ಚಿನದೇ ದೋಷ, ಇಲ್ಲವೇ ವೈರಿನಲ್ಲಿ ನಾಯ್ಸ್ (ಸುಳ್ಳು ಸಿಗ್ನಲ್ ಹುಟ್ಟಿಸುವ ವಿದ್ಯುತ್ ಗದ್ದಲ) ಇದೆ. ಒಂದೇ ದಿಕ್ಕಿಗೆ ಮೆಲ್ಲಗೆ ತೆವಳುತ್ತಿದ್ದರೆ ಸ್ವಿಚ್ಚಿನ ಬ್ರಾಕೆಟ್ ಜರುಗುತ್ತಿದೆ ಅಥವಾ ಸೆನ್ಸರ್ ಇನ್ನೂ ಬೆಚ್ಚಗಾಗುತ್ತಿದೆ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ ಬ್ರಾಕೆಟ್ಟು ಬೋಲ್ಟಿನ ಒತ್ತಡಕ್ಕೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಾಗುತ್ತದೆ, ತಗಡಿನ ಮಾಡಿನ ಕೋಣೆಯ ಬೇಸಿಗೆಗೆ ಇನ್ನೂ ಬೇಗ. 25 ಮಿ.ಮೀ.ನ ಅಲ್ಯೂಮಿನಿಯಂ ಎಲ್ ಆ್ಯಂಗಲ್ ತುಂಡೊಂದು ಈ ತಲೆನೋವನ್ನೇ ಕಳೆಯುತ್ತದೆ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ಹೋಮ್ ಮಾಡಿ, ಗೇಜ್ ಓದಿ, ಒಂದು ಉದ್ದನೆಯ ಕೆಲಸ ಓಡಿಸಿ, ಮತ್ತೆ ಹೋಮ್ ಮಾಡದೆ ಅದೇ ಸ್ಥಾನಕ್ಕೆ ವಾಪಸ್ ಕರೆದು ಗೇಜ್ ಓದಿ. ಮೋಟಾರ್ ಸ್ಟೆಪ್ ಕಳೆದುಕೊಂಡರೆ ನಾಲ್ಕು ಫುಲ್ ಸ್ಟೆಪ್‌ಗಳ ಗುಣಕದಲ್ಲೇ ಕಳೆದುಕೊಳ್ಳುತ್ತದೆ. ನಮ್ಮ ಸ್ಕ್ರೂನಲ್ಲಿ ಅದು 0.1, 0.2, 0.3 ಮಿ.ಮೀ. ಹೀಗೆ. ವ್ಯತ್ಯಾಸ ಈ ಅಂಕಿಗಳಿಗೆ ಕೂಡಿಬಂದರೆ ಮೋಟಾರ್ ಸೋತಿದೆ: ಆಕ್ಸಿಲರೇಷನ್ ಕಡಿಮೆ ಮಾಡಿ ಅಥವಾ ಡ್ರೈವರ್ ಕರೆಂಟ್ ನೋಡಿ. 0.07, 0.13ರಂಥ ಅಡ್ಡಾದಿಡ್ಡಿ ಅಂಕಿ ಬಂದರೆ ಕಪ್ಲಿಂಗ್ ಜಾರಿದೆ ಅಥವಾ ಬೇರಿಂಗ್ ಕಡೆ ಸಡಿಲವಿದೆ. ಸ್ಕ್ರೂ ಮತ್ತು ಕಪ್ಲಿಂಗ್ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ, ಜಾರಿದರೆ ಗೆರೆ ಮುರಿದು ಕಾಣುತ್ತದೆ. ಈ ಎರಡು ದೋಷಗಳನ್ನು ಹೋಮಿಂಗ್ ಮುಚ್ಚಿಡುತ್ತದೆಯೇ ಹೊರತು ಸರಿ ಮಾಡುವುದಿಲ್ಲ.

ಈಗ ಸ್ವಿಚ್ಚಿನ ವಿಷಯ. ಮೈಕ್ರೋಸ್ವಿಚ್ಚನ್ನು ಅಗ್ಗದ್ದೆಂದು ತಳ್ಳಿಹಾಕುವುದು ತಪ್ಪು. ಒಳಗಿನ ಸ್ಪ್ರಿಂಗ್ ಪಟ್ಟಿ ನೆಗೆಯುವ ಬಿಂದು ಸಾಕಷ್ಟು ಸ್ಥಿರವಾಗಿಯೇ ಇರುತ್ತದೆ, ಕೆಡಿಸುವುದು ಅದರ ಮೇಲಿನ ಉದ್ದ ಲಿವರ್. ಲಿವರ್ ಬಗ್ಗುತ್ತದೆ, ಗುಂಡಿಯ ಚಿಕ್ಕ ವ್ಯತ್ಯಾಸವನ್ನು ತುದಿಯಲ್ಲಿ ದೊಡ್ಡದು ಮಾಡುತ್ತದೆ. ಲಿವರ್ ಕಿತ್ತು ಗುಂಡಿಯನ್ನು ನೇರವಾಗಿ ಒತ್ತಿಸಿದರೆ ಹರವು ಅಲ್ಲೇ ಇಳಿಯುತ್ತದೆ. ಆದರೆ ಎದುರಾಬದುರು ಇಟ್ಟರೆ ಗ್ಯಾಂಟ್ರಿ (ಬಿಟ್ ತಿರುಗಿಸುವ ಸ್ಪಿಂಡಲನ್ನು ಹೊತ್ತ ಅಡ್ಡ ಸೇತುವೆ) ಒಮ್ಮೆ ಮುನ್ನುಗ್ಗಿದರೂ ಸ್ವಿಚ್ಚು ಪುಡಿ. ಅದಕ್ಕೆ ಸ್ವಿಚ್ಚನ್ನು ಪಕ್ಕಕ್ಕೆ ಇಟ್ಟು, ಕ್ಯಾರೇಜಿಗೆ 30 ಡಿಗ್ರಿ ಇಳಿಜಾರಿನ ತುಂಡು ಕೂರಿಸಿ, ಅದು ಗುಂಡಿಯನ್ನು ಒತ್ತುತ್ತ ದಾಟಿ ಹೋಗುವಂತೆ ಮಾಡಬಹುದು. ಇದಕ್ಕೆ ತೆರುವ ಬೆಲೆಯೂ ಗೊತ್ತಿರಲಿ: ಗುಂಡಿಯಲ್ಲಿ 0.01 ಮಿ.ಮೀ. ವ್ಯತ್ಯಾಸವಾದರೆ ಅಕ್ಷದಲ್ಲಿ ಸುಮಾರು 0.017 ಮಿ.ಮೀ. ಇಳಿಜಾರಿಗೆ ಸವೆಯದ ಗಟ್ಟಿ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಇರಲಿ, ಮೇಲೊಂದು ಹನಿ ಎಣ್ಣೆ. ಎಂಡಿಎಫ್ ಧೂಳು ಎಣ್ಣೆಗೆ ಅಂಟುತ್ತದೆ, ವಾರಕ್ಕೊಮ್ಮೆ ಒರೆಸಲು ಸೋಮಾರಿತನವಿದ್ದರೆ ಎಣ್ಣೆಯನ್ನೇ ಬಿಡಿ.

ಮುಟ್ಟದೆಯೇ ಲೋಹ ಗುರುತಿಸುವ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರಿಗೆ ಧೂಳಿನ ಚಿಂತೆಯಿಲ್ಲ. ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುವುದು ಎಲ್‌ಜೆ12ಎ3-4 ಎಂಬ 12 ಮಿ.ಮೀ. ದಪ್ಪದ, 4 ಮಿ.ಮೀ. ದೂರದಿಂದ ಲೋಹ ಗುರುತಿಸುವ ಜಾತಿ. ಕೊನೆಯ ಅಕ್ಷರಗಳನ್ನು ನೋಡಿ ಕೊಳ್ಳಿ: ಬಿಎಕ್ಸ್ ಎಂದರೆ ಎನ್‌ಪಿಎನ್ (ಆನ್ ಆದಾಗ ಸಿಗ್ನಲ್ ವೈರನ್ನು ಸೊನ್ನೆಗೆ ಎಳೆಯುವ ಜಾತಿ) ನಾರ್ಮಲಿ ಓಪನ್, ಎಎಕ್ಸ್ ಎಂದರೆ ಎನ್‌ಪಿಎನ್ ನಾರ್ಮಲಿ ಕ್ಲೋಸ್ಡ್. ನಮಗೆ ಬೇಕಾದ್ದು ಎಎಕ್ಸ್, ಕಾರಣ ಮುಂದೆ ಬರುತ್ತದೆ. ಆ 4 ಮಿ.ಮೀ. ಲೆಕ್ಕ 12×12 ಮಿ.ಮೀ. ಅಳತೆಯ, 1 ಮಿ.ಮೀ. ದಪ್ಪದ ಕಬ್ಬಿಣದ ತಗಡಿಗೆ. ಅಲ್ಯೂಮಿನಿಯಂ ಕ್ಯಾರೇಜನ್ನೇ ತೋರಿಸಿದರೆ ದೂರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. 'ಸೆನ್ಸರ್ ಕೆಟ್ಟಿದೆ' ಎಂದು ಅಂಗಡಿಗೆ ವಾಪಸ್ ಒಯ್ಯುವ ಮುನ್ನ ಕಬ್ಬಿಣದ ಬೋಲ್ಟೊಂದನ್ನು ಎದುರಿಗೆ ಹಿಡಿದು ನೋಡಿ. ಸೆನ್ಸರಿನ ಮುಖದ ಅಡ್ಡಕ್ಕೆ ತಗಡು ಹಾದುಹೋಗುವಂತೆ ಇಟ್ಟರೆ ಡಿಕ್ಕಿಯ ಭಯವಿಲ್ಲ, ಆದರೆ ರೈಲಿನ ಅಲುಗಾಟದಿಂದ ಮಧ್ಯದ ಅಂತರ ಬದಲಾದಷ್ಟೂ 'ಟಿಕ್' ಬಿಂದು ಬದಲಾಗುತ್ತದೆ. ನೇರ ಎದುರಿಗೆ ಇಟ್ಟರೆ ಸ್ಥಿರತೆ ಹೆಚ್ಚು, ಆಗ ಡಿಕ್ಕಿ ತಡೆಯಲು ಸೆನ್ಸರಿಗೂ ಮುಂಚೆ ಸಿಗುವ ರಬ್ಬರ್ ಸ್ಟಾಪ್ ಬೇಕೇ ಬೇಕು. ರೈಲು ಬಿಗಿಯಾಗಿರುವ ಯಂತ್ರದಲ್ಲಿ ಅಡ್ಡಕ್ಕೆ ಇಡುವುದೇ ಲೇಸು, ಅಂತರ 1.5ರಿಂದ 2 ಮಿ.ಮೀ. ಇರಲಿ. ಹಾಗೆಯೇ, ಈ ಸೆನ್ಸರ್ ಆನ್ ಆಗುವ ದೂರಕ್ಕೂ ಆಫ್ ಆಗುವ ದೂರಕ್ಕೂ ಅರ್ಧ ಮಿ.ಮೀ.ನಷ್ಟು ವ್ಯತ್ಯಾಸ ಇರುತ್ತದೆ. ಯಾವಾಗಲೂ ಒಂದೇ ದಿಕ್ಕಿನಿಂದ ಮುಟ್ಟುವವರೆಗೆ ಅದರಿಂದ ತೊಂದರೆಯಿಲ್ಲ.

ಹೆಚ್ಚು ಜನ ಎಡವುವುದು ವೈರಿಂಗಿನಲ್ಲಿ. ಕಂದು ವೈರ್ 12 ಅಥವಾ 24 ವೋಲ್ಟ್, ನೀಲಿ ಸೊನ್ನೆ, ಕಪ್ಪು ಸಿಗ್ನಲ್. ಕಪ್ಪನ್ನು ನೇರವಾಗಿ ಆರ್ಡುಯಿನೋ (ಜಿಆರ್‌ಬಿಎಲ್ ಓಡುವ ಕಂಟ್ರೋಲರ್ ಬೋರ್ಡ್) ಪಿನ್ನಿಗೆ ಕೊಡಬೇಡಿ: ಒಳಗೆ ಪುಲ್-ಅಪ್ (ವೈರನ್ನು ಪ್ಲಸ್ ಕಡೆಗೆ ಎಳೆಯುವ ರೆಸಿಸ್ಟರ್) ಇರುವ ಸೆನ್ಸರಾಗಿದ್ದರೆ ಔಟ್‌ಪುಟ್ ಆಫ್ ಆದಾಗ ಆ ವೈರಿನಲ್ಲಿ ಪೂರ್ತಿ 12 ವೋಲ್ಟ್ ಬರುತ್ತದೆ, 5 ವೋಲ್ಟಿನ ಪಿನ್ ಸುಡಬಹುದು. ನಡುವೆ ಒಂದು ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಹಾಕಿ. 12 ವೋಲ್ಟ್ ಕಡೆಯಿಂದ 1 ಕಿಲೋಓಮ್ (24 ಆದರೆ 2.2 ಕಿಲೋಓಮ್) ಮೂಲಕ ಆಪ್ಟೋದ ಆ್ಯನೋಡ್, ಕ್ಯಾಥೋಡ್ ಕಪ್ಪು ವೈರಿಗೆ, ಹರಿಯುವ ಕರೆಂಟ್ ಸುಮಾರು 10 ಮಿಲಿಆ್ಯಂಪ್. ಆಚೆ ಬದಿಯಲ್ಲಿ ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಆರ್ಡುಯಿನೋದ ಲಿಮಿಟ್ (ಸ್ವಿಚ್ಚಿನ) ಪಿನ್ನಿಗೆ, ಆ ಪಿನ್ನಿನಿಂದ 5 ವೋಲ್ಟಿಗೆ 4.7 ಕಿಲೋಓಮ್, ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್. ಆರ್ಡುಯಿನೋ ಒಳಗಿನ ಪುಲ್-ಅಪ್ 20ರಿಂದ 50 ಕಿಲೋಓಮ್, ಎರಡು ಮೀಟರ್ ವೈರ್ ಹೀರುವ ನಾಯ್ಸ್ ಎದುರು ಅದಕ್ಕೆ ಬಲ ಸಾಲದು. ಕೆಪಾಸಿಟರ್ ಹಾಕಿದರೆ ಸಿಗ್ನಲ್ ತಡವಾಗಿ ನಿಖರತೆ ಕೆಡುವುದಿಲ್ಲವೇ ಎಂದು ಕೇಳುವವರಿಗೆ: ತಡ ಅರ್ಧ ಮಿಲಿಸೆಕೆಂಡು. ನಿಮಿಷಕ್ಕೆ 25 ಮಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಕ್ಯಾರೇಜ್ ಸಾಗುವುದು 0.0002 ಮಿ.ಮೀ.

ನಾರ್ಮಲಿ ಕ್ಲೋಸ್ಡ್ ಯಾಕೆ ಅಂದರೆ, ವೈರ್ ತುಂಡಾದರೂ ಸೆನ್ಸರಿಗೆ ಪವರ್ ಹೋದರೂ ಕಂಟ್ರೋಲರಿಗೆ ಅದು 'ಸ್ವಿಚ್ ಒತ್ತಿದೆ' ಎಂದೇ ಕಾಣುತ್ತದೆ, ಯಂತ್ರ ಹೊರಡುವುದೇ ಇಲ್ಲ. ನಾರ್ಮಲಿ ಓಪನ್ ಆದರೆ ತುಂಡಾದ ವೈರಿನೊಂದಿಗೆ ಗ್ಯಾಂಟ್ರಿ ಗೋಡೆಗೆ ಗುದ್ದುವ ತನಕ ಯಾರಿಗೂ ಸುಳಿವಿರುವುದಿಲ್ಲ. ಮೇಲಿನ ಸರ್ಕ್ಯೂಟಿಗೆ ಜಿಆರ್‌ಬಿಎಲ್ ಸೆಟ್ಟಿಂಗಿನಲ್ಲಿ $5=1 (ಲಿಮಿಟ್ ಸಿಗ್ನಲ್ ತಿರುವುಮುರುವು) ಎಂದು ಸೆಟ್ ಮಾಡಿ. ವೈರು ಶೀಲ್ಡ್ ಇರುವುದಾಗಿರಲಿ, ಶೀಲ್ಡನ್ನು ಕಂಟ್ರೋಲರ್ ಬದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ, ಸ್ಪಿಂಡಲ್ ಕೇಬಲ್ ಇರುವ ಡ್ರ್ಯಾಗ್ ಚೈನಿನಲ್ಲಿ ಬೇರೆ ಕಂಪಾರ್ಟ್‌ಮೆಂಟಿನಲ್ಲಿ ಓಡಿಸಿ. ಹೋಮಿಂಗ್ ಚೆನ್ನಾಗಿ ಆಗಿ, ಸ್ಪಿಂಡಲ್ ಹಾಕಿದೊಡನೆ ಅಲಾರ್ಮ್ 1 (ಲಿಮಿಟ್ ಸ್ವಿಚ್ ತಾಗಿತು ಎಂಬ ಎಚ್ಚರಿಕೆ) ಬರುತ್ತಿದ್ದರೆ ಅದು ನಾಯ್ಸ್. ಕಾರ್ಬನ್ ಬ್ರಷ್ಷಿನ ಟ್ರಿಮ್ಮರ್ ರೂಟರ್ ಇದ್ದವರಿಗೆ ಇದು ನಿತ್ಯದ ಗೋಳು. ಫಿಲ್ಟರ್ ಕೂರಿಸುವ ತನಕ $21=0 (ಆ ಎಚ್ಚರಿಕೆ ಬಂದ್) ಇರಲಿ.

ಆರ್ಡುಯಿನೋ ಊನೋ ಮೇಲೆ ಸಿಎನ್‌ಸಿ ಶೀಲ್ಡ್ ವಿ3 ಎಂಬ ಬೋರ್ಡ್ ಹಾಕಿದವರಿಗೆ ಒಂದು ಬಲೆ ಕಾದಿದೆ. ಬೋರ್ಡಿನ ಮೇಲೆ ಜಡ್ ಲಿಮಿಟ್ ಎಂದು ಬರೆದಿರುವುದು 11ನೇ ಪಿನ್ನಿಗೆ ಹೋಗುತ್ತದೆ, ಜಿಆರ್‌ಬಿಎಲ್ 1.1 ಜಡ್ ಲಿಮಿಟನ್ನು ಹುಡುಕುವುದು 12ನೇ ಪಿನ್ನಿನಲ್ಲಿ. ವೈರನ್ನು ಸ್ಪಿಂಡಲ್ ಎನೇಬಲ್ ಎಂದು ಬರೆದಿರುವ ಕಡೆಗೆ ಹಾಕಬೇಕು. ಎಷ್ಟೋ ಜನ ಜಡ್ ಸೆನ್ಸರನ್ನು ಸುಮ್ಮನೆ ಬದಲಾಯಿಸಿದ್ದು ಈ ಅಚ್ಚಿನ ದೆಸೆಯಿಂದ.

ಸೆಟ್ಟಿಂಗ್‌ಗಳಲ್ಲಿ ಮೊದಲು $130, $131, $132ಕ್ಕೆ ನಿಮ್ಮ ಯಂತ್ರದ ನಿಜವಾದ ಓಟವನ್ನು ಹಾಕಿ. ಜಿಆರ್‌ಬಿಎಲ್ ಸ್ವಿಚ್ಚನ್ನು ಹುಡುಕುವುದು ಈ ಅಂಕಿಯ ಒಂದೂವರೆ ಪಟ್ಟು ದೂರದವರೆಗೆ ಮಾತ್ರ. 200 ಎಂದು ಹಾಗೇ ಬಿಟ್ಟರೆ 900 ಮಿ.ಮೀ. ಮೇಜಿನಲ್ಲಿ 300 ಮಿ.ಮೀ. ಹೋಗಿ ಅಲಾರ್ಮ್ 9 ಎಂದು ನಿಲ್ಲುತ್ತದೆ. $22=1 ಮಾಡಿದರೆ ಹೋಮಿಂಗ್ ಚಾಲೂ. ಮೊದಲು ಜಡ್ ಮೇಲೇರುತ್ತದೆ, ಆಮೇಲೆ ಎಕ್ಸ್ ಮತ್ತು ವೈ ಒಟ್ಟಿಗೆ. ಹೋಮ್ ಮುಂದಿನ ಎಡಮೂಲೆಯಲ್ಲಿ ಬೇಕಾದರೆ $23=3. ಹೀಗಿಟ್ಟಾಗ ಎಕ್ಸ್ ಸೊನ್ನೆ ತೋರಿಸದೆ -597 ತೋರಿಸಿದರೆ ಗಾಬರಿ ಬೇಡ. 600ರ ಓಟ, 3 ಮಿ.ಮೀ. ಹಿಂಸರಿತ (ಸ್ವಿಚ್ಚು ಮುಟ್ಟಿದ ಮೇಲೆ ಹಿಂದೆ ಸರಿಯುವ ದೂರ), ಜಿಆರ್‌ಬಿಎಲ್ ತನ್ನ ಜಾಗವನ್ನೆಲ್ಲ ಋಣ ಸಂಖ್ಯೆಯಲ್ಲೇ ಎಣಿಸುತ್ತದೆ.

ವೇಗಕ್ಕೆ $25=800, $24=25 ಹಾಕಿ. ಮೊದಲ ಓಟ ಸ್ವಿಚ್ಚನ್ನು ಹುಡುಕುವುದಕ್ಕಷ್ಟೇ, ಅಲ್ಲಿ ಒಂದಿಷ್ಟು ತಪ್ಪಿದರೂ ನಷ್ಟವಿಲ್ಲ. ಲೆಕ್ಕಕ್ಕೆ ಬರುವುದು ನಿಧಾನದ ಎರಡನೇ ಓಟ. ನಿಮಿಷಕ್ಕೆ 25 ಮಿ.ಮೀ. ಎಂದರೆ ಸೆಕೆಂಡಿಗೆ 133 ಸ್ಟೆಪ್, ಒಂದೊಂದು 0.003 ಮಿ.ಮೀ.; ಇನ್ನೂ ನಿಧಾನ ಮಾಡಿ ಸಿಗುವ ಲಾಭವೇನಿಲ್ಲ. $26=250 ಇರಲಿ, ಹಿಂದೆ ಸರಿದ ಮೇಲೆ ಗ್ಯಾಂಟ್ರಿಯ ನಡುಕ ನಿಲ್ಲಲು ಕಾಲು ಸೆಕೆಂಡು ಬೇಕು. ಹಿಂಸರಿತದ $27 ಮಾತ್ರ 1ರಲ್ಲಿ ಬಿಡಬೇಡಿ. ಪ್ರಾಕ್ಸಿಮಿಟಿ ಪೂರ್ತಿ ಬಿಡುಗಡೆಯಾಗದಿದ್ದರೆ ಅಲಾರ್ಮ್ 8 ಬರುತ್ತದೆ, 3 ಮಿ.ಮೀ. ಕೊಟ್ಟರೆ ನೆಮ್ಮದಿ. $1=255 ಮಾಡಿ ಮೋಟಾರುಗಳು ಸದಾ ಹಿಡಿದುಕೊಂಡಿರುವಂತೆ ಇಡಿ, ಇಲ್ಲವಾದರೆ ಬಿಟ್ ಬದಲಿಸುವಾಗ ಕೈ ತಾಗಿ ಗ್ಯಾಂಟ್ರಿ 0.05 ಮಿ.ಮೀ. ದಾಟಿ ಸರಿದರೆ ಮತ್ತೆ ಹಿಡಿಯುವುದು 0.1 ಮಿ.ಮೀ. ಆಚೆಗೆ.

ವೈ ಅಕ್ಷಕ್ಕೆ ಎರಡು ಮೋಟಾರ್ ಇರುವ ಯಂತ್ರದ ಕಥೆಯೇ ಬೇರೆ. ಅಲ್ಲಿ ಹೋಮಿಂಗ್ ಬರೀ ಸೊನ್ನೆ ಹುಡುಕುವುದಿಲ್ಲ, ಗ್ಯಾಂಟ್ರಿ ಮೂಲೆಮಟ್ಟಕ್ಕೆ ನಿಲ್ಲುವುದೂ ಅದರಿಂದಲೇ. ಎರಡು ಮೋಟಾರಿಗೂ ಒಂದೇ ಸ್ವಿಚ್ಚು ಇದ್ದರೆ, ಪವರ್ ಇಲ್ಲದಾಗ ಒಂದು ಬದಿ ಸ್ವಲ್ಪ ತಿರುಗಿದರೂ ಸೊಟ್ಟಗೆ ನಿಂತ ಗ್ಯಾಂಟ್ರಿ ಸೊಟ್ಟಗೇ ಕೆಲಸ ಮಾಡುತ್ತದೆ. ಪ್ರತಿ ಬದಿಗೂ ಬೇರೆ ಸ್ವಿಚ್ಚು, ಬೇರೆ ಡ್ರೈವರ್ ಬೇಕು. ಊನೋದಲ್ಲಿ ಇದಕ್ಕಾಗಿ ಒದ್ದಾಡುವುದಕ್ಕಿಂತ ಇಎಸ್‌ಪಿ32 ಮೇಲೆ ಓಡುವ ಫ್ಲೂಯಿಡ್‌ಎನ್‌ಸಿಗೆ ಹೋಗುವುದು ಜಾಣತನ. ಅದರ ಕಾನ್ಫಿಗ್ ಫೈಲಿನಲ್ಲಿ ಪ್ರತಿ ಮೋಟಾರಿಗೂ ಬೇರೆ ಹಿಂಸರಿತದ ಅಂಕಿ ಕೊಡಬಹುದು, ಹಾಗಾಗಿ ಬ್ರಾಕೆಟ್ ಸುತ್ತಿಗೆಯಲ್ಲಿ ತಟ್ಟುತ್ತ ಕೂರಬೇಕಿಲ್ಲ. ಲಿನಕ್ಸ್‌ಸಿಎನ್‌ಸಿ ಬಳಸುವವರು ಎರಡೂ ಜಾಯಿಂಟಿಗೆ ಒಂದೇ ಋಣ ಹೋಮ್ ಸೀಕ್ವೆನ್ಸ್ ಕೊಟ್ಟು, ಹೋಮ್ ಆಫ್‌ಸೆಟ್‌ನಲ್ಲಿ ವ್ಯತ್ಯಾಸ ತುಂಬುತ್ತಾರೆ.

ಎಷ್ಟು ವ್ಯತ್ಯಾಸ ಎಂಬುದಕ್ಕೆ ಹಳೆಯ ಮೇಸ್ತ್ರಿ ಲೆಕ್ಕವೇ ಸಾಕು. ಮೇಜಿಗೆ ಎಂಡಿಎಫ್ ಬಿಗಿದು, ಮೊನಚಾದ ವಿ-ಬಿಟ್‌ನಲ್ಲಿ 300×400 ಆಯತದ ನಾಲ್ಕು ಮೂಲೆಗೆ ಚುಕ್ಕೆ ಹೊಡೆಯಿರಿ. ಕರ್ಣ ಎರಡೂ 500 ಬರಬೇಕು. ಒಂದು ಇನ್ನೊಂದಕ್ಕಿಂತ 0.5 ಮಿ.ಮೀ. ಉದ್ದವಿದ್ದರೆ ಅದನ್ನು 480ರಿಂದ ಭಾಗಿಸಿ, ಎರಡು ವೈ ಸ್ಕ್ರೂಗಳ ನಡುವಿನ ಅಂತರದಿಂದ ಗುಣಿಸಿ. ಅಂತರ 600 ಆದರೆ 0.625 ಮಿ.ಮೀ. ಅಷ್ಟನ್ನು ಒಂದು ಬದಿಯ ಹಿಂಸರಿತಕ್ಕೆ ಸೇರಿಸಿ ಮತ್ತೆ ಹೋಮ್ ಮಾಡಿ, ಹೊಸ ಹಲಗೆಯಲ್ಲಿ ಮತ್ತೆ ಚುಕ್ಕೆ ಹೊಡೆಯಿರಿ. ಕರ್ಣದ ವ್ಯತ್ಯಾಸ ಇಮ್ಮಡಿಯಾದರೆ ತಪ್ಪು ಬದಿಗೆ ಸೇರಿಸಿದ್ದೀರಿ, ಅಷ್ಟೆ. ಆದರೆ ಮೊದಲೇ ಸ್ವಿಚ್ಚುಗಳು ಮೂಲೆಮಟ್ಟಕ್ಕೆ ಒಂದೆರಡು ಮಿ.ಮೀ. ಒಳಗಿರುವಂತೆ ಕೂರಿಸಿರಬೇಕು. ಇಲ್ಲವಾದರೆ ಒಂದು ಬದಿ ನಿಂತು ಇನ್ನೊಂದು ಓಡುವಾಗ ರೈಲಿನ ಬ್ಲಾಕುಗಳು ಬಿಗಿದುಕೊಳ್ಳುತ್ತವೆ.

ಹೋಮಿಂಗ್ ಎಷ್ಟೇ ಚೆನ್ನಾಗಿದ್ದರೂ ಹೋಮ್‌ನಿಂದ ದೂರ ಹೋದಂತೆ ಬಿಸಿಲು ತನ್ನ ಪಾಲು ಕೇಳುತ್ತದೆ. ಟೆರೇಸಿನ ಶೀಟ್ ಕೋಣೆಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 10 ಡಿಗ್ರಿ ವ್ಯತ್ಯಾಸವಾದರೆ 600 ಮಿ.ಮೀ. ಅಲ್ಯೂಮಿನಿಯಂ ಸುಮಾರು 0.14 ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಸ್ಕ್ರೂ ಅದರ ಅರ್ಧ. 0.01ಕ್ಕಾಗಿ ಸೆನ್ಸರ್ ಹುಡುಕಿ ಅಲೆಯುವವರು ಈ ಅಂಕಿಯನ್ನೊಮ್ಮೆ ನೋಡಬೇಕು. ಎರಡು ಭಾಗ ಕೂಡಬೇಕಾದ ಕೆಲಸವನ್ನು ಒಂದೇ ಹೊತ್ತಿನಲ್ಲಿ ಮುಗಿಸಿಬಿಡಿ.

ಜಡ್‌ನ ಹೋಮ್ ಬಿಟ್‌ನ ತುದಿಯನ್ನು ಹೇಳುವುದಿಲ್ಲ, ಬಿಟ್ ಬದಲಾದರೆ ಉದ್ದವೂ ಬದಲು. ಅದಕ್ಕೆ ತಾಮ್ರದ ಪಿಸಿಬಿ ತುಂಡೊಂದು ಟಚ್ ಪ್ಲೇಟಾಗಿ ಸಾಕು. ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ, 1.6 ಎಂದು ಮಾರುವುದು 1.6 ಇರಲೇಬೇಕೆಂದಿಲ್ಲ. ಜಿ38.2 ಜಡ್-20 ಎಫ್50 ಎಂದು ಒಮ್ಮೆ ಮುಟ್ಟಿಸಿ, ಎತ್ತಿ, ಎಫ್10ರಲ್ಲಿ ಇನ್ನೊಮ್ಮೆ ಮುಟ್ಟಿಸಿ, ಆಮೇಲೆ ಜಿ10 ಎಲ್20 ಪಿ1 ಜಡ್1.6 (ನಿಮ್ಮ ಅಳತೆ).

ಇದೇ ಜಿ10 ಎಲ್20 ಕರೆಂಟ್ ಹೋದಾಗ ಕೈಹಿಡಿಯುವುದು. ಕೆಲಸದ ಸೊನ್ನೆಯನ್ನು ಹೀಗೆ ಜಿ54ರಲ್ಲಿ ಇಟ್ಟರೆ ಅದು ಈಪ್ರಾಮ್‌ನಲ್ಲಿ (ಪವರ್ ಹೋದರೂ ಅಳಿಯದ ಮೆಮೊರಿ) ಉಳಿಯುತ್ತದೆ, ಜಿ92ರಲ್ಲಿ ಇಟ್ಟರೆ ಪವರ್ ಜೊತೆಗೇ ಹೋಗುತ್ತದೆ. ಕರೆಂಟ್ ಬಂದ ಮೇಲೆ ಯಂತ್ರ ಅಲಾರ್ಮ್‌ನಲ್ಲಿ ಬೀಗ ಹಾಕಿಕೊಂಡಿರುತ್ತದೆ. ಬಿಟ್ ಮರದಲ್ಲಿ ಸಿಕ್ಕಿದ್ದರೆ ಚಿಂತೆಯಿಲ್ಲ, $ಎಚ್ ಕೊಟ್ಟಾಗ ಜಡ್ ಮೊದಲು ನೇರ ಮೇಲೇಳುತ್ತದೆ. ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡಿದ್ದರೆ ಮೊದಲು ಬಿಟ್ ಹಿಡಿದಿರುವ ಕಾಲೆಟ್ ಸಡಿಲಿಸಿ, ಸ್ಪಿಂಡಲನ್ನು ಮೇಲೆತ್ತಿ, ಬಿಟ್ಟನ್ನು ಕೈಯಲ್ಲಿ ತೆಗೆಯಿರಿ. ಆ ಮೇಲೆ ಜಡ್ ಮತ್ತೆ ಮುಟ್ಟಿಸಬೇಕಾಗುತ್ತದೆ. ಫೈಲನ್ನು ನಡುವಿನಿಂದ ಶುರು ಮಾಡುವಾಗ ನಿಂತ ಸಾಲಿಗಿಂತ ಹತ್ತಾರು ಸಾಲು ಹಿಂದೆ, ಬಿಟ್ ಮೇಲಿದ್ದ ಒಂದು ಜಿ0 (ಕೊರೆಯದೆ ಬೇಗ ಸಾಗುವ ಆಜ್ಞೆ) ಸಾಲನ್ನು ಹುಡುಕಿ. ಕಂಟ್ರೋಲರಿನ ಬಫರಿನಲ್ಲಿದ್ದ ಸಾಲುಗಳನ್ನು ಕಂಪ್ಯೂಟರ್ 'ಕಳಿಸಿಯಾಯ್ತು' ಎಂದೇ ಎಣಿಸಿರುತ್ತದೆ, ಯಂತ್ರ ಅವನ್ನು ಕೊರೆದಿರುವುದಿಲ್ಲ. ಅದರ ಮುಂದೆ ಜಿ21, ಜಿ90, ಜಿ54, ಎಂ3 ಮತ್ತು ಎಸ್ ವೇಗ, ಎಫ್ ಅಂಕಿ ಇಷ್ಟನ್ನೂ ಕೈಯಾರೆ ಬರೆಯಿರಿ.